ಹಂಚಿದ ಪೆಟ್ಟಿಗೆಗೆ ಲೆಕ್ಕವುಂಟು, ಸತ್ತ ಜೇನಿಗೆ ಲೆಕ್ಕವಿಲ್ಲ

ಕಳೆದ ವರ್ಷ ನವೆಂಬರಿನಲ್ಲಿ ಜೇನುಕೃಷಿಗೆ ಸಂಬಂಧಿಸಿದ ಸಭೆಯೊಂದಕ್ಕಾಗಿ ಮೈಸೂರಿಗೆ ಹೋಗಿದ್ದೆ. ಇಲಾಖೆಯೊಂದರ ಅಧಿಕಾರಿಗಳು ಪರದೆಯ ಮೇಲೆ ಅಂಕಿಗಳನ್ನು ತೋರಿಸುತ್ತಿದ್ದರು. ಯಾವ ತಾಲ್ಲೂಕಿಗೆ ಎಷ್ಟು ಪೆಟ್ಟಿಗೆ, ಎಷ್ಟು ಫಲಾನುಭವಿಗಳು, ಎಷ್ಟು ಸಹಾಯಧನ, ಎಷ್ಟು ಮಂದಿಗೆ ತರಬೇತಿ, ಎಲ್ಲವೂ ಅಚ್ಚುಕಟ್ಟಾಗಿತ್ತು. ಪ್ರಶ್ನೆಗಳ ಸಮಯ ಬಂದಾಗ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: ಈ ಪೆಟ್ಟಿಗೆಗಳಲ್ಲಿ ಮಳೆಗಾಲ ದಾಟಿ ಬದುಕಿ ಉಳಿದ ಕುಟುಂಬಗಳೆಷ್ಟು? ಅಧಿಕಾರಿಗಳು ಒಂದು ಕ್ಷಣ ಕಡತವನ್ನು ತಿರುವಿಹಾಕಿ, "ಆ ಕಾಲಂ ನಮ್ಮ ನಮೂನೆಯಲ್ಲೇ ಇಲ್ಲವಲ್ಲ ಡಾಕ್ಟ್ರೇ" ಎಂದರು. ಅವರ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ಒಂದು ವಾಕ್ಯದಲ್ಲಿ ನಮ್ಮ ಜೇನುನೀತಿಯ ಸಮಸ್ತ ದೋಷವೂ ಅಡಗಿದೆ ಎಂಬುದು ನನ್ನ ಆರೋಪ. ಈ ಲೇಖನ ಆ ಇಲ್ಲದ ಕಾಲಂ ಕುರಿತದ್ದು.

ಜೇನುಸಾಕಣೆಗೆ ಹಣವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2017ರಲ್ಲಿ ತನ್ನ ಜೇನು ಅಭಿಯಾನವನ್ನು ಆರಂಭಿಸಿ ದೇಶದ ಉದ್ದಗಲಕ್ಕೂ ಪೆಟ್ಟಿಗೆ ಹಂಚಿತು. 2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜೇನುಸಾಕಣೆ ಅಭಿಯಾನಕ್ಕೆ 500 ಕೋಟಿ ರೂಪಾಯಿಗಳನ್ನು ಘೋಷಿಸಿ, ಅದಕ್ಕೆ 'ಸಿಹಿ ಕ್ರಾಂತಿ' ಎಂದು ಹೆಸರಿಟ್ಟಿತು. 2021ರಲ್ಲಿ 'ಮಧುಕ್ರಾಂತಿ' ಎಂಬ ನೋಂದಣಿ ಜಾಲತಾಣವೂ ಬಂತು. ಜೇನುತುಪ್ಪ ಎಲ್ಲಿಂದ ಬಂತು ಎಂಬುದನ್ನು ಪತ್ತೆಹಚ್ಚಲು ಅದು ನೆರವಾಗಬಹುದು. ಜೇನು ಎಲ್ಲಿಗೆ ಹೋಯಿತು ಎಂಬುದನ್ನು ಹೇಳುವ ಏರ್ಪಾಡು ಯಾವುದು? ವಿಶ್ವಸಂಸ್ಥೆ 2017ರಲ್ಲಿ ಗೊತ್ತುಪಡಿಸಿದ ವಿಶ್ವ ಜೇನುದಿನವನ್ನು ನಾವು ಪ್ರತಿವರ್ಷ ಮೇ 20ರಂದು ಭಾಷಣ ಮತ್ತು ಛಾಯಾಚಿತ್ರಗಳೊಂದಿಗೆ ಆಚರಿಸುತ್ತೇವೆ. ಅದಾಗಿ ಎರಡು ವಾರಕ್ಕೆ ಮಲೆನಾಡಿನಲ್ಲಿ ಮಳೆ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ನಮ್ಮ ತುಡುವೆ ಜೇನಿಗೆ ಉಪವಾಸದ ಕಾಲ. ಭಾಷಣದ ದಿನ ಹಾರುತ್ತಿದ್ದ ಹುಳು ಗೌರಿಹಬ್ಬದ ಹೊತ್ತಿಗೆ ಇದೆಯೇ ಎಂದು ಕೇಳಲು ಯಾವ ವಿಶ್ವದಿನವೂ ಇಲ್ಲ.

ಈ ಬೇಡಿಕೆ ವಿಜ್ಞಾನಿಯೊಬ್ಬರ ಪಾಂಡಿತ್ಯದ ಚಪಲವೆಂದು ಕೆಲವರಿಗೆ ತೋರಬಹುದು. ಅನ್ಯ ದೇಶಗಳಲ್ಲಿ ಏನಾಗಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ.

2006ರ ಕೊನೆಯಲ್ಲಿ ಅಮೆರಿಕದ ಜೇನುಸಾಕಣೆದಾರರು ವಿಚಿತ್ರವಾದ ಸಂಗತಿಯೊಂದನ್ನು ವರದಿಮಾಡಿದರು. ಪೆಟ್ಟಿಗೆಯಲ್ಲಿ ರಾಣಿ ಇದೆ, ಮರಿಗಳಿವೆ, ತುಪ್ಪವೂ ಇದೆ. ದುಡಿಯುವ ಹುಳುಗಳು ಮಾತ್ರ ಮಾಯ. ಸತ್ತುಬಿದ್ದ ಹುಳುಗಳೂ ಕಾಣುತ್ತಿರಲಿಲ್ಲ. ಆ ಚಳಿಗಾಲದ ನಷ್ಟವೆಷ್ಟು ಎಂದು ಅವರು ಸಮೀಕ್ಷೆ ನಡೆಸಿದರು. ಸುಮಾರು ಮೂರರಲ್ಲೊಂದು ಪಾಲು ಕುಟುಂಬಗಳು ಹೋಗಿದ್ದವು. ಅಂದಿನಿಂದ ಅಲ್ಲಿ ಪ್ರತಿವರ್ಷ ಈ ಸಮೀಕ್ಷೆ ನಡೆಯುತ್ತಿದೆ. 2022ರ ಏಪ್ರಿಲಿನಿಂದ ಒಂದು ವರ್ಷದಲ್ಲಿ ಶೇಕಡ 48ರಷ್ಟು ಕುಟುಂಬಗಳು ನಾಶವಾದವೆಂದು ಅದು ಹೇಳಿತು. 2024-25ರ ಚಳಿಗಾಲದಲ್ಲಿ ವಾಣಿಜ್ಯ ಸಾಕಣೆದಾರರ ನಷ್ಟ ಶೇಕಡ 60ನ್ನು ಮೀರಿದಾಗ, ವರ್ಷವರ್ಷದ ಲೆಕ್ಕ ಕೈಯಲ್ಲಿದ್ದುದರಿಂದಲೇ ಇದು ಎಂದಿನ ಸಾವಲ್ಲ ಎಂದು ಕೂಡಲೇ ಗೊತ್ತಾಯಿತು. ಪರೀಕ್ಷೆಗೆ ಕಳುಹಿಸಿದ ಹುಳುಗಳಲ್ಲಿ ವೈರಾಣುಗಳೂ, ಆ ವೈರಾಣುಗಳನ್ನು ಹರಡುವ, ಔಷಧಕ್ಕೆ ಬಗ್ಗದ ವರೋವಾ ನುಸಿಯೂ ಪತ್ತೆಯಾದವು.

ಯೂರೋಪಿನಲ್ಲಿ 2008ರಲ್ಲಿ 'ಕೊಲಾಸ್' ಎಂಬ ಸಂಶೋಧಕರ ಜಾಲವೊಂದು ಹುಟ್ಟಿತು. ಅದರ ಮುಖ್ಯ ಸಾಧನೆ ಯಾವುದೋ ಮಹಾ ಪ್ರಯೋಗಾಲಯವಲ್ಲ, ಒಂದು ಪ್ರಶ್ನಾವಳಿ. ಅದುವರೆಗೆ ಒಂದೊಂದು ದೇಶ ಒಂದೊಂದು ರೀತಿಯಲ್ಲಿ ನಷ್ಟವನ್ನು ಅಳೆಯುತ್ತಿತ್ತು, ಹೋಲಿಕೆಯೇ ಅಸಾಧ್ಯವಾಗಿತ್ತು. ಚಳಿಗಾಲಕ್ಕೆ ಮುನ್ನ ನಿಮ್ಮಲ್ಲಿ ಎಷ್ಟು ಕುಟುಂಬಗಳಿದ್ದವು, ಚಳಿಗಾಲದ ನಂತರ ಎಷ್ಟು ಸತ್ತವು ಅಥವಾ ಖಾಲಿಯಾದವು, ಸರಿಪಡಿಸಲಾಗದ ರಾಣಿಯ ತೊಂದರೆಯಿಂದ ಎಷ್ಟು ಹೋದವು, ನೆರೆ-ಬೆಂಕಿ-ಕಾಡುಪ್ರಾಣಿಯಂಥ ಕಾರಣಗಳಿಂದ ಎಷ್ಟು ಹೋದವು, ಇಂಥ ಸರಳ ಪ್ರಶ್ನೆಗಳನ್ನು ಎಲ್ಲ ದೇಶಗಳಲ್ಲೂ ಒಂದೇ ಮಾತಿನಲ್ಲಿ ಕೇಳತೊಡಗಿದರು. 2015-16ರ ಚಳಿಗಾಲದಲ್ಲಿ ಒಟ್ಟು ನಷ್ಟ ಶೇಕಡ 12. ಮರುವರ್ಷವೇ ಶೇಕಡ 20.9. 2018-19ರಲ್ಲಿ 35 ದೇಶಗಳ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಸಾಕಣೆದಾರರು ಉತ್ತರಿಸಿದರು. ನಷ್ಟ ಶೇಕಡ 16.7. ಆ ಪಟ್ಟಿಯಲ್ಲಿ ಆಲ್ಜೀರಿಯ ಇದೆ, ಇರಾನ್ ಇದೆ, ಮೆಕ್ಸಿಕೊ ಇದೆ. ಆದ್ದರಿಂದ ಇದು ಬಿಳಿಯರ ಶ್ರೀಮಂತ ದೇಶಗಳಿಗೆ ಮಾತ್ರ ಎಟಕುವ ವಿದ್ಯೆ ಎಂಬ ನೆಪ ನಡೆಯದು. ಭಾರತ ಅದರಲ್ಲಿ ಇಲ್ಲ.

ಈ ಅಂಕಿಗಳಿಂದ ಏನು ಸಾಧನೆಯಾಯಿತು ಎಂದು ಕೇಳುವವರಿಗೆ ಜರ್ಮನಿಯ ಉದಾಹರಣೆಯನ್ನು ಕೊಡುತ್ತೇನೆ. 2008ರ ವಸಂತದಲ್ಲಿ ಆ ದೇಶದ ನೈಋತ್ಯ ಭಾಗದಲ್ಲಿ, ಕ್ಲೋಥಿಯಾನಿಡಿನ್ ಲೇಪಿಸಿದ ಮುಸುಕಿನ ಜೋಳದ ಬಿತ್ತನೆಯಾಗುತ್ತಿದ್ದಂತೆಯೇ ಜೇನುಗಳು ರಾಶಿರಾಶಿಯಾಗಿ ಸಾಯತೊಡಗಿದವು. ಸುಮಾರು 11,500 ಕುಟುಂಬಗಳಿಗೆ ಹಾನಿಯಾಯಿತು. ಸಾಕಣೆದಾರರು ದೂರು ಕೊಟ್ಟರು, ಸತ್ತ ಹುಳುಗಳನ್ನು ಸರ್ಕಾರಿ ಸಂಸ್ಥೆ ಪರೀಕ್ಷಿಸಿತು, ಬೀಜದಿಂದ ಉದುರಿದ ವಿಷದ ಧೂಳು ಹೂಗಳ ಮೇಲೆ ಕುಳಿತದ್ದೇ ಕಾರಣವೆಂದು ಸಾಬೀತಾಯಿತು, ಆ ಬೀಜೋಪಚಾರದ ಪರವಾನಗಿ ಅದೇ ವರ್ಷ ಅಮಾನತಾಯಿತು. ಮುಂದೆ 2018ರಲ್ಲಿ ಯೂರೋಪಿಯನ್ ಒಕ್ಕೂಟ ಅದೂ ಸೇರಿದಂತೆ ಮೂರು ನಿಯೋನಿಕೋಟಿನಾಯ್ಡ್ ಕೀಟನಾಶಕಗಳನ್ನು ಬಯಲಿನಲ್ಲಿ ಬಳಸುವುದನ್ನೇ ನಿಷೇಧಿಸಿತು. ಆ ಮೂರರಲ್ಲೊಂದಾದ ಇಮಿಡಾಕ್ಲೋಪ್ರಿಡ್ ನಮ್ಮ ಸಂತೆಪೇಟೆಯ ಗೊಬ್ಬರದಂಗಡಿಯಲ್ಲಿ ಚಹಾಪುಡಿಯಷ್ಟೇ ಸಲೀಸಾಗಿ ಸಿಗುತ್ತದೆ. ಹೆಗ್ಗಡದೇವನಕೋಟೆಯ ಹತ್ತಿ, ಹುಣಸೂರು-ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಮಲೆನಾಡಿನ ಗದ್ದೆಗಳನ್ನೆಲ್ಲ ನುಂಗುತ್ತಿರುವ ಶುಂಠಿ, ಇವುಗಳ ನಡುವೆ ಜೇನು ಸತ್ತರೆ ನಾವು ಯಾರ ಮೇಲೆ ಬೆರಳು ತೋರಿಸಬಲ್ಲೆವು? ನಮ್ಮ ಕೈಯಲ್ಲಿ ಸತ್ತ ಹುಳುವೂ ಇಲ್ಲ, ಸಾವಿನ ದಿನಾಂಕವೂ ಇಲ್ಲ.

ಅದೇ ಜರ್ಮನಿಯ ಇನ್ನೊಂದು ಪಾಠವನ್ನೂ ಮರೆಮಾಚಬಾರದು. ಅಲ್ಲಿ 2004ರಿಂದ ನಡೆಯುತ್ತಿರುವ ರಾಷ್ಟ್ರೀಯ ಜೇನು ನಿಗಾ ಯೋಜನೆಗೆ ಆರಂಭದಲ್ಲಿ ಕೀಟನಾಶಕ ಉದ್ಯಮದ ಹಣವೂ ಸೇರಿತ್ತು. ಚಳಿಗಾಲದ ಸಾವಿಗೆ ವರೋವಾ ನುಸಿ, ವೈರಾಣು, ಮುದಿ ರಾಣಿ, ದುರ್ಬಲ ಕುಟುಂಬ ಇವೇ ಮುಖ್ಯ ಕಾರಣಗಳೆಂದು ಅದು ಹೇಳಿದಾಗ ಪರಿಸರವಾದಿಗಳು ನಂಬಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಆ ನುಸಿಯ ವಿಷಯದಲ್ಲಿ ಅವರ ತೀರ್ಮಾನ ಸರಿಯೇ ಇದೆ. ಆದರೂ ಎಣಿಸುವವನ ಊಟದ ಖರ್ಚನ್ನು ಯಾರು ಕೊಡುತ್ತಾರೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ಕೃಷಿ ಇಲಾಖೆ 2019ರ ಜುಲೈನಲ್ಲಿ ಹಣದ ಕೊರತೆಯನ್ನು ಮುಂದಿಟ್ಟು ತನ್ನ ಜೇನು ಕುಟುಂಬಗಳ ಅಂಕಿಸಂಗ್ರಹವನ್ನೇ ಕೆಲಕಾಲ ನಿಲ್ಲಿಸಿತ್ತು. ಎಣಿಕೆ ಮುಜುಗರ ತರುವ ಕೆಲಸ. ಆದ್ದರಿಂದ ಅದು ಸರ್ಕಾರದ ಕೈಯಲ್ಲಿ ಮಾತ್ರ ಇರಬಾರದು.

ಈಗ ನಮ್ಮ ಕಡೆಗೆ ಬರೋಣ. ಮಲೆನಾಡಿಗೆ ಜೇನಿನ ಸಾವು ಹೊಸದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತವನ್ನು ಹೊಕ್ಕಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉತ್ತರ ಭಾರತದ ಗುಡ್ಡಗಾಡುಗಳನ್ನು ಆಗಲೇ ಹಾಳುಮಾಡಿ ಬಂದಿತ್ತು. ಕೋಶಾವಸ್ಥೆಗೆ ಹೋಗಬೇಕಾದ ಮರಿಹುಳು ಹೋಗಲಾರದೆ, ನೀರು ತುಂಬಿದ ಚೀಲದಂತಾಗಿ, ತಲೆಯನ್ನು ದೋಣಿಯ ಮೂತಿಯಂತೆ ಮೇಲೆತ್ತಿ ಸಾಯುತ್ತದೆ. ಸಂಸಾರ ಕೊಠಡಿಯಲ್ಲಿ ಮರಿಗಳೆಲ್ಲ ಹೀಗಾದ ಮೇಲೆ ದೊಡ್ಡ ಹುಳುಗಳು ಎರಿಯನ್ನು ಬಿಟ್ಟು ಹೊರಟುಹೋಗುತ್ತವೆ. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಹಿತ್ತಿಲಿನ ಪೆಟ್ಟಿಗೆಗಳನ್ನು ಅಪ್ಪ ಒಂದೊಂದಾಗಿ ತೆರೆದು, ಮುಚ್ಚಿ, ಕೊನೆಗೆ ತೆರೆಯುವುದನ್ನೇ ಬಿಟ್ಟರು. ಮರುವರ್ಷ ಆ ಪೆಟ್ಟಿಗೆಗಳಲ್ಲಿ ನಮ್ಮ ಕೋಳಿಗಳು ಕಾವಿಗೆ ಕುಳಿತವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಎಷ್ಟೋ ಮನೆಗಳಲ್ಲಿ ಇದೇ ಕಥೆ. ದಶಕಗಳ ಕಾಲ ಹಳ್ಳಿಗರಿಂದ ತುಪ್ಪ ಕೊಂಡು, ಮಕ್ಕಳ ಶಾಲೆಯ ಫೀಜಿಗೂ ಮದುವೆಯ ಖರ್ಚಿಗೂ ಆಧಾರವಾಗಿದ್ದ ಜೇನು ಸಹಕಾರ ಸಂಘಗಳು ಕಂಗಾಲಾದವು.

ಆ ಮಹಾಮಾರಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಟುಂಬಗಳು ಅಳಿದವೆಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ನಾನೂ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿದ್ದೇನೆ. ಆದರೆ ಯಾವ ಹೋಬಳಿಯಲ್ಲಿ ಯಾವ ತಿಂಗಳು ಎಷ್ಟು ಪೆಟ್ಟಿಗೆ, ಯಾವ ಊರಿನಲ್ಲಿ ಕುಟುಂಬಗಳು ಉಳಿದುಕೊಂಡವು ಎಂಬ ಪಟ್ಟಿಯನ್ನು ಹುಡುಕಿ ನಾನು ಸೋತಿದ್ದೇನೆ. ಅಂಥ ಪಟ್ಟಿಯೊಂದು ಸಿಕ್ಕಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೆಂದು ಊಹಿಸಿ. ಉಳಿದುಕೊಂಡ ಆ ಹತ್ತು ಪಾಲಿನ ತಾಯಿಬೇರು ಎಲ್ಲಿತ್ತೆಂದು ತಿಳಿದಿದ್ದರೆ ರೋಗವನ್ನು ತಡೆದುಕೊಳ್ಳುವ ವಂಶಗಳನ್ನು ಅಲ್ಲಿಂದಲೇ ಆರಿಸಿ ಬೆಳೆಸಬಹುದಿತ್ತು. ಆ ರೋಗ ಹೋಗಿಲ್ಲ. ಈಗಲೂ ಅಲ್ಲಲ್ಲಿ ಮರುಕಳಿಸುತ್ತದೆ. ಬಂದಾಗಲೆಲ್ಲ ನಾವು ಮೊದಲಿನಿಂದ ಕಲಿಯುತ್ತೇವೆ.

ಮತ್ತೊಂದು ಸಂಗತಿ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಪ್ರಾಣಿ ಆರೋಗ್ಯದ ವಿಶ್ವಸಂಘಟನೆ ಯಾವ ಜೇನುರೋಗಗಳನ್ನು ದೇಶಗಳು ಕಡ್ಡಾಯವಾಗಿ ವರದಿಮಾಡಬೇಕೆಂಬ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಅದರಲ್ಲಿ ವರೋವಾ ಉಂಟು, ಫೌಲ್‌ಬ್ರೂಡ್ ಉಂಟು, ಟ್ರೋಪಿಲಿಲ್ಯಾಪ್ಸ್ ನುಸಿ ಉಂಟು, ಪೆಟ್ಟಿಗೆಯ ಸಣ್ಣ ದುಂಬಿಯೂ ಉಂಟು. ಮಲೆನಾಡಿನ ತುಡುವೆಯನ್ನು ಗುಡಿಸಿಹಾಕಿದ ಸ್ಯಾಕ್‌ಬ್ರೂಡ್ ಇಲ್ಲ. ಕಾರಣ ಸರಳ: ಆ ಪಟ್ಟಿ ಮೆಲ್ಲಿಫೆರ ಎಂಬ ಯೂರೋಪಿನ ಜೇನನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು. ಆ ಜೇನಿಗೆ ಸ್ಯಾಕ್‌ಬ್ರೂಡ್ ಸಣ್ಣ ನೆಗಡಿ. ಹಾಗೆಯೇ ಆ ಜೇನನ್ನು ಕೊಲ್ಲುವ ವರೋವಾ ನುಸಿ ಮೂಲತಃ ನಮ್ಮ ಏಷ್ಯಾದ ತುಡುವೆಯ ಜೊತೆಗಾರ; ತುಡುವೆ ಅದನ್ನು ಕಾಲಿನಿಂದ ಕೆರೆದು, ಕಚ್ಚಿ, ರೋಗಿಷ್ಟ ಮರಿಗಳನ್ನು ಹೊರಗೆಸೆದು ಯುಗಾಂತರಗಳಿಂದ ಅದರೊಡನೆ ಬಾಳುತ್ತಿದೆ. ಆದ್ದರಿಂದ ವಿದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಹಂಚಿದರೆ ನಮ್ಮ ಕೆಲಸ ಆಗುವುದಿಲ್ಲ. ಅವರಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ. ಅವರ ಜೇನು ಪೆಟ್ಟಿಗೆಯಲ್ಲೇ ಸಾಯುತ್ತದೆ. ನಮ್ಮ ತುಡುವೆ ಕಷ್ಟ ಬಂದರೆ ಪರಾರಿಯಾಗುತ್ತದೆ. ಪರಾರಿಯಾದ ಕುಟುಂಬ ಸತ್ತಿತೋ ಬದುಕಿತೋ ಯಾರಿಗೆ ಗೊತ್ತು? ಸಾಕಿದವನ ಪಾಲಿಗೆ ಮಾತ್ರ ಅದು ನಷ್ಟವೇ.

ನಮ್ಮ ಲೆಕ್ಕದ ಅತಿ ದೊಡ್ಡ ಕಳ್ಳತನ ಇಲ್ಲಿದೆ. ಅದರಲ್ಲಿ ನಾವೆಲ್ಲರೂ ಪಾಲುದಾರರು. ಪೆಟ್ಟಿಗೆ ಖಾಲಿಯಾದರೆ ಮಲೆನಾಡಿನ ಕೃಷಿಕ ಏನು ಮಾಡುತ್ತಾನೆ? ಕಾಡಿಗೆ ಹೋಗಿ ಮರದ ಪೊಟರೆಯಿಂದಲೋ ಹುತ್ತದಿಂದಲೋ ಹೊಸ ಕುಟುಂಬವೊಂದನ್ನು ಬಿಡಿಸಿ ತಂದು ತುಂಬುತ್ತಾನೆ, ಇಲ್ಲವೆ ಹಾಗೆ ತಂದವರಿಂದ ಕೊಳ್ಳುತ್ತಾನೆ. ಸಹಾಯಧನದ ಪೆಟ್ಟಿಗೆಗಳಿಗೆ ಬೇಡಿಕೆ ಏರಿದಷ್ಟೂ ಹುಳು ಹಿಡಿದು ಮಾರುವವರ ವ್ಯಾಪಾರ ಏರುತ್ತದೆ. ಹತ್ತು ಪೆಟ್ಟಿಗೆಯಲ್ಲಿ ಐದು ಸತ್ತು, ಐದನ್ನು ಕಾಡಿನಿಂದ ತುಂಬಿದರೆ ಇಲಾಖೆಯ ಕಡತದಲ್ಲಿ ಹತ್ತು ಹತ್ತಾಗಿಯೇ ಉಳಿಯುತ್ತದೆ. ನಷ್ಟ ಸೊನ್ನೆ! ಆದರೆ ಕಾಡು ಐದನ್ನು ಕಳೆದುಕೊಂಡಿತು, ಪೆಟ್ಟಿಗೆಯ ರೋಗ ಹೊಸ ಹುಳುವಿಗೆ ಸಿಕ್ಕಿತು, ಮುಂದಿನ ಮಳೆಗಾಲಕ್ಕೆ ಅದೇ ಆಟ ಮತ್ತೆ. ಜಗತ್ತಿನಲ್ಲೂ ಇದೇ ಭ್ರಮೆ ಬೇರೆ ರೂಪದಲ್ಲಿ ನಡೆಯುತ್ತಿದೆ. 1961ರಿಂದ 2008ರವರೆಗೆ ಜಗತ್ತಿನ ಸಾಕುಜೇನಿನ ಪೆಟ್ಟಿಗೆಗಳು ಸುಮಾರು ಶೇಕಡ 45ರಷ್ಟು ಹೆಚ್ಚಿದವು. ಅದನ್ನು ತೋರಿಸಿ ಎಲ್ಲಿದೆ ನಿಮ್ಮ ಅವನತಿ ಎಂದು ಕೇಳುವವರಿದ್ದಾರೆ. ಪೆಟ್ಟಿಗೆಯ ಸಂಖ್ಯೆ ಮನುಷ್ಯನ ಹಟದ ಅಳತೆಯೇ ಹೊರತು ಜೇನಿನ ಆರೋಗ್ಯದ ಅಳತೆಯಲ್ಲ. ಅಮೆರಿಕದವರು ಉಳಿದ ಕುಟುಂಬಗಳನ್ನು ಪಾಲುಮಾಡಿ ಸಂಖ್ಯೆಯನ್ನು ತುಂಬುತ್ತಾರೆ, ನಾವು ಕಾಡನ್ನು ಬರಿದುಮಾಡಿ ತುಂಬುತ್ತೇವೆ.

ನಮ್ಮ ದೇಶದಲ್ಲಿ ಐದು ವರ್ಷಕ್ಕೊಮ್ಮೆ ಜಾನುವಾರು ಗಣತಿ ನಡೆಯುವ ವಾಡಿಕೆ ಬ್ರಿಟಿಷರ ಕಾಲದ್ದು, 2019ರದು ಇಪ್ಪತ್ತನೆಯದು. ದನ, ಎಮ್ಮೆ, ಕುರಿ, ಕೋಳಿಗಳಷ್ಟೇ ಅಲ್ಲ, ಸಾಕಿದ ನಾಯಿ, ಮೊಲ, ಆನೆಗಳನ್ನೂ ಎಣಿಸುತ್ತಾರೆ. ಜೇನು ಕುಟುಂಬಕ್ಕೆ ಅಲ್ಲಿ ಜಾಗವಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಮತ್ತೆ ಕುಸಿದಾಗ, ಸತ್ತ ಹಸುವಿಗೆ ಮಹಜರು ನಡೆಯಿತು, ಬಿದ್ದ ಗೋಡೆಗೆ ಮಹಜರು ನಡೆಯಿತು. ಮಣ್ಣಿನಡಿ ಹೋದ ಜೇನುಪೆಟ್ಟಿಗೆಯ ಹೆಸರನ್ನು ನಾನು ನೋಡಿದ ಯಾವ ಮಹಜರಿನಲ್ಲೂ ಬರೆದಿರಲಿಲ್ಲ. ಬರೆಸಬೇಕೆಂದು ನಮಗೂ ತೋಚಿರಲಿಲ್ಲ ಎಂಬುದು ನಿಜ.

ಇನ್ನು ಮೈಸೂರಿನ ವಿಷಯ. ಆ ಸಭೆ ಮುಗಿದು ಹೊರಗೆ ಬಂದರೆ ಎದುರಿನ ಕಟ್ಟಡದ ಮೂರನೆಯ ಮಹಡಿಯ ಸಜ್ಜೆಯ ಕೆಳಗೆ ಎರಡು ಹೆಜ್ಜೇನಿನ ತಟ್ಟಿಗಳು ತೂಗುತ್ತಿದ್ದವು. ಕಾವಲುಗಾರನನ್ನು ವಿಚಾರಿಸಿದೆ. "ನಾಳಿದ್ದು ಔಷಧಿ ಹೊಡೆಯೋರು ಬರ್ತಾರೆ" ಎಂದ. ಮೈಸೂರಿನ ಬಲ್ಲವರಿಗೆ ಇದು ಹೊಸ ದೃಶ್ಯವಲ್ಲ. ನೀರಿನ ಟ್ಯಾಂಕು, ಹಳೆಯ ಬಂಗಲೆಯ ಕಮಾನು, ರಸ್ತೆಬದಿಯ ದೊಡ್ಡ ಮರ, ವಸತಿ ಸಮುಚ್ಚಯದ ಬಾಲ್ಕನಿ, ಎಲ್ಲೆಡೆ ಹೆಜ್ಜೇನು ಕಟ್ಟುತ್ತದೆ. ಮನುಷ್ಯರನ್ನು ಕಚ್ಚಿದಾಗ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ರಾತ್ರಿ ಹೊಗೆಯಿಂದಲೋ ಕೀಟನಾಶಕದಿಂದಲೋ ಅದನ್ನು ಮುಗಿಸಲಾಗುತ್ತದೆ. ಶಾಲೆಯ ಬಾಗಿಲ ಮೇಲೆ ಹೆಜ್ಜೇನು ಇರಲಿ ಎಂದು ನಾನು ಹೇಳುವುದಿಲ್ಲ; ಕಚ್ಚಿಸಿಕೊಂಡು ಸತ್ತವರಿದ್ದಾರೆ. ಆದರೆ ಅದು ನಗರದ ಹುಳುವಲ್ಲ ಎಂಬುದನ್ನು ನಗರ ತಿಳಿಯಬೇಕು.

ಹೆಜ್ಜೇನು ವಲಸೆಗಾರ. ಹೂವಿನ ಕಾಲಕ್ಕೆ ಬೆಟ್ಟಕಾಡುಗಳಿಗೆ ಏರಿ, ಮಳೆ ಬರುತ್ತಿದ್ದಂತೆ ಬಯಲಿಗಿಳಿದು, ಮತ್ತೆ ಹಿಂದಿರುಗುವುದು ಅದರ ಬಾಳು. ಹೀಗೆ ನೂರಾರು ಕಿಲೋಮೀಟರು ದೂರವನ್ನೂ ಅದು ಕ್ರಮಿಸಬಲ್ಲದು. ಹಳೆಯ ಮರಕ್ಕೇ ಮತ್ತೆ ಬಂದು ಕಟ್ಟುವುದೂ ಉಂಟು. ಫೆಬ್ರವರಿ-ಮಾರ್ಚಿನ ಮೊದಲ ಮಳೆಗೆ ಅಥವಾ ನೀರಾವರಿಗೆ ಕೊಡಗಿನ ರೊಬಸ್ಟಾ ಕಾಫಿ ಒಮ್ಮೆಲೇ ಅರಳುತ್ತದೆ. ಕೆಲವೇ ದಿನಗಳ ಆ ಬಿಳುಪಿನಲ್ಲಿ ಪರಾಗಸ್ಪರ್ಶ ನಡೆದುಹೋಗಬೇಕು. ಒಂದು ಗಿಡದ ಪರಾಗ ಅದೇ ಗಿಡದಲ್ಲಿ ಕಾಯಿಗಟ್ಟದಿರುವುದು ರೊಬಸ್ಟಾದ ಗುಣ. ಆ ಹೂಗಳಿಗೆ ಬರುವ ಜೇನುಗಳಲ್ಲಿ ಹೆಜ್ಜೇನಿನದೇ ಮುಖ್ಯ ಪಾತ್ರವೆಂದು ಕೊಡಗಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಏಲಕ್ಕಿಗಂತೂ ಜೇನಿಲ್ಲದೆ ಕಾಯಿಯೇ ಇಲ್ಲ. ಹೀಗಿರುವಾಗ ಡಿಸೆಂಬರಿನಲ್ಲಿ ಬಯಲುಸೀಮೆಯ ಕಟ್ಟಡದ ಮೇಲೆ ಸುಟ್ಟ ತಟ್ಟಿ, ಮಾರ್ಚಿನಲ್ಲಿ ಬೆಟ್ಟದ ತೋಟವೊಂದಕ್ಕೆ ಬಾರದ ಜೇನಾಗಿರಬಹುದು. ಮೈಸೂರಿನಲ್ಲಿ ವರ್ಷಕ್ಕೆ ಎಷ್ಟು ತಟ್ಟಿಗಳನ್ನು ಹೀಗೆ ತೆಗೆಯುತ್ತಾರೆ? ಔಷಧಿ ಹೊಡೆಯುವವರು ರಸೀದಿ ಬರೆಯುತ್ತಾರೆ. ಆ ರಸೀದಿಗಳ ಮೊತ್ತವನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಪೆಟ್ಟಿಗೆಯಲ್ಲಿ ಹಿಡಿಸದ ಈ ಜೇನು ಯಾವ ಅಭಿಯಾನದ ಫಲಾನುಭವಿಯೂ ಅಲ್ಲ.

ಇಲಾಖೆಗಳನ್ನು ಇಷ್ಟು ಬೈದ ಮೇಲೆ ನಮ್ಮ ಚಳವಳಿಯ ಮಿತ್ರರಿಗೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಜೇನು ಇಲ್ಲವಾದರೆ ನಾಲ್ಕು ವರ್ಷದಲ್ಲಿ ಮನುಕುಲವೂ ಇಲ್ಲವೆಂದು ಐನ್‌ಸ್ಟೈನ್ ಹೇಳಿದನೆಂದು ನಮ್ಮ ಪ್ರತಿಯೊಂದು ಕರಪತ್ರದಲ್ಲೂ ಅಚ್ಚಾಗುತ್ತದೆ. ಅವನು ಹಾಗೆ ಹೇಳಿದ್ದಕ್ಕೆ ದಾಖಲೆಯೇ ಇಲ್ಲ. ಹೇಳಿದ್ದರೂ ಅದು ಸರಿಯಲ್ಲ: ಭತ್ತ, ರಾಗಿ, ಗೋಧಿ, ಜೋಳಗಳಿಗೆ ಜೇನಿನ ಹಂಗಿಲ್ಲ. ಮೊಬೈಲ್ ಗೋಪುರಗಳಿಂದಲೇ ಜೇನು ನಾಶವಾಯಿತೆಂದು ವೇದಿಕೆಯ ಮೇಲೆ ಗುಡುಗುವವರೂ ನಮ್ಮಲ್ಲಿದ್ದಾರೆ. 1992ರಲ್ಲಿ ನಮ್ಮ ಪೆಟ್ಟಿಗೆಗಳು ಖಾಲಿಯಾದಾಗ ಇಡೀ ಜಿಲ್ಲೆಯಲ್ಲಿ ಒಂದು ಗೋಪುರವಿರಲಿಲ್ಲ. ಅಂಕಿಯಿಲ್ಲದ ಕಡೆ ಅಧಿಕಾರಿ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ, ನಾವು ಎಲ್ಲ ಮುಗಿಯಿತು ಎನ್ನುತ್ತೇವೆ, ಇಬ್ಬರದೂ ಬಾಯಿಮಾತು. ಸಂಬಳ ಪಡೆದು ಬಾಯಿಮಾತಾಡುವವನ ಎದುರು ಬರಿಗೈಯ ಬಾಯಿಮಾತು ಎಂದೂ ಗೆದ್ದಿಲ್ಲ.

ಸಾಕಣೆದಾರರು ಪರಿಹಾರದ ಆಸೆಗೆ ನಷ್ಟವನ್ನು ಹೆಚ್ಚಿಸಿ ಬರೆಸುತ್ತಾರೆ ಎಂಬ ಆಕ್ಷೇಪವೂ ಬರುತ್ತದೆ. ಹಾಗಾದರೆ ಎಣಿಕೆಯನ್ನು ಪರಿಹಾರಕ್ಕೆ ತಳಕುಹಾಕಬೇಡಿ. ಹೆಸರು ಬೇಡ, ಊರು ಸಾಕು. ಹೆಚ್ಚು ಕಳೆದುಕೊಂಡವರೇ ಹೆಚ್ಚು ಉತ್ಸಾಹದಿಂದ ಉತ್ತರಿಸುವ ದೋಷ ಯೂರೋಪಿನ ಸಮೀಕ್ಷೆಗಳಲ್ಲೂ ಇರಬಹುದು. ಆದರೂ ಒಂದೇ ಪ್ರಶ್ನೆಯನ್ನು ಒಂದೇ ರೀತಿ ವರ್ಷವರ್ಷ ಕೇಳಿದರೆ, ಏರಿಳಿತ ಎದ್ದು ಕಾಣುತ್ತದೆ. ವಿಜ್ಞಾನಕ್ಕೆ ಅಷ್ಟು ಸಾಕು. ರಾಜಕಾರಣಕ್ಕೂ ಸಾಕು.

ನಮ್ಮ ಬಳಗದ ಮುಂದೆ ನಾನಿಡುವ ಸಲಹೆ ಇದು. ವರ್ಷದಲ್ಲಿ ಎರಡೇ ದಿನ ಎಣಿಸೋಣ. ಮೊದಲನೆಯದು ಮೇ 31, ಮಳೆ ಕಟ್ಟುವ ಮುನ್ನ. ಎರಡನೆಯದು ಅಕ್ಟೋಬರ್ 2, ಗಾಂಧಿಜಯಂತಿ; ಎಲ್ಲರಿಗೂ ರಜೆ, ಮರೆಯುವ ಹಾಗಿಲ್ಲ. ದಸರೆಯ ದಿನವನ್ನು ಇಟ್ಟುಕೊಳ್ಳೋಣವೆಂದರೆ ಅದು ಪಂಚಾಂಗಕ್ಕೆ ತಕ್ಕಂತೆ ಹಿಂದೆಮುಂದೆ ಸರಿಯುತ್ತದೆ, ವರ್ಷವರ್ಷದ ಹೋಲಿಕೆ ಕೆಡುತ್ತದೆ. ಮೇ 31ರಂದು ಹುಳು ಇದ್ದ ಪೆಟ್ಟಿಗೆ ಎಷ್ಟು ಎಂದು ಬರೆಯುವುದು. ಅಕ್ಟೋಬರ್ 2ರಂದು ಅವುಗಳಲ್ಲಿ ಎಷ್ಟು ಉಳಿದಿವೆ, ಹೋದವುಗಳಲ್ಲಿ ಎಷ್ಟು ಒಳಗೇ ಸತ್ತವು, ಎಷ್ಟು ಪರಾರಿಯಾದವು, ಎಷ್ಟನ್ನು ಮೇಣದ ಪತಂಗವೋ ಇರುವೆಯೋ ಕರಡಿಯೋ ನೆರೆಯೋ ತೆಗೆದುಕೊಂಡಿತು ಎಂದು ಬರೆಯುವುದು. ಚೀಲದಂತಾದ ಮರಿಗಳನ್ನು ಕಂಡಿರಾ, ಹೌದು ಅಥವಾ ಇಲ್ಲ. ಸುತ್ತಿನಲ್ಲಿ ಏನಾದರೂ ಸಿಂಪಡಿಸಿದ ದಿನ ನೆನಪಿದ್ದರೆ ಅದೂ ಇರಲಿ. ಕೊನೆಯ ಪ್ರಶ್ನೆಯನ್ನು ಯಾರೂ ತಪ್ಪಿಸಬಾರದು: ಈ ನಡುವೆ ಕಾಡಿನಿಂದ ತಂದದ್ದೆಷ್ಟು, ಕೊಂಡದ್ದೆಷ್ಟು? ಅವನ್ನು ಉಳಿದವುಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಮೈಸೂರಿನ ಹಾಸ್ಟೆಲುಗಳಲ್ಲಿದ್ದು ಓದುತ್ತಿರುವ ನಮ್ಮ ಬೆಟ್ಟದ ಮಕ್ಕಳಿಗೆ ಬೇರೆ ಕೆಲಸವಿದೆ. ಜನವರಿ 26ರಂದು, ಧ್ವಜವಂದನೆ ಮುಗಿದ ಮೇಲೆ, ಇಬ್ಬಿಬ್ಬರಾಗಿ ಒಂದೊಂದು ಬಡಾವಣೆಯನ್ನು ಹಂಚಿಕೊಂಡು ಹೆಜ್ಜೇನಿನ ತಟ್ಟಿಗಳನ್ನು ಎಣಿಸಿ. ಮಾನಸಗಂಗೋತ್ರಿಯ ಮರಗಳು, ಕುಕ್ಕರಹಳ್ಳಿ ಕೆರೆಯ ಸುತ್ತು, ಚಾಮುಂಡಿಬೆಟ್ಟದ ಬುಡ, ಹೊಸ ಬಡಾವಣೆಗಳ ನೀರಿನ ಟ್ಯಾಂಕುಗಳು. ದೂರದಿಂದಲೇ ಎಣಿಸಿ, ಕಲ್ಲೆಸೆದು ಪರೀಕ್ಷಿಸುವ ಧೈರ್ಯ ಬೇಡ. ಮರದ ಮೇಲೋ ಕಟ್ಟಡದ ಮೇಲೋ, ಎಷ್ಟನೆಯ ಮಹಡಿ, ಹುಳುವಿದೆಯೋ ಖಾಲಿ ಎರಿಯೋ, ಸುಟ್ಟ ಗುರುತಿದೆಯೋ ಎಂದು ಬರೆದುಕೊಳ್ಳಿ. ಕೆಡವಿದ ಕಡೆ ಯಾವ ತಿಂಗಳು ಕೆಡವಿದರೆಂದು ಕಾವಲುಗಾರನನ್ನು ಕೇಳಿ; ಅವನಿಗೆ ಗೊತ್ತಿರುತ್ತದೆ. ಮೂರು ವರ್ಷ ಇದನ್ನು ಮಾಡಿದರೆ ಮಹಾನಗರಪಾಲಿಕೆಯ ಮೇಜಿನ ಮೇಲೆ ಇಡಲು ನಮ್ಮಲ್ಲಿ ಒಂದು ಕಾಗದವಾದರೂ ಇರುತ್ತದೆ. ಜನವಸತಿಯಿಲ್ಲದ ಎತ್ತರದ ತಟ್ಟಿಗಳನ್ನು ಬಿಟ್ಟುಬಿಡಿ, ಅನಿವಾರ್ಯವಾದ ಕಡೆ ಹುಳುವನ್ನು ಕೊಲ್ಲದೆ ಎಬ್ಬಿಸಿ ಎಂದು ಕೇಳುವ ಹಕ್ಕು ಆಗ ಬರುತ್ತದೆ.

ಸರ್ಕಾರದಿಂದ ನಮ್ಮ ಬೇಡಿಕೆ ಎರಡು. ತೋಟಗಾರಿಕೆ ಇಲಾಖೆಯ ನಮೂನೆಯಲ್ಲಿ, ಸಹಾಯಧನ ಪಡೆದ ಪ್ರತಿಯೊಂದು ಕುಟುಂಬವೂ ಮುಂದಿನ ಅಕ್ಟೋಬರಿನಲ್ಲಿ ಬದುಕಿದೆಯೇ ಎಂಬ ಕಾಲಂ ಒಂದನ್ನು ಸೇರಿಸಿ, ತಾಲ್ಲೂಕುವಾರು ನಷ್ಟವನ್ನು ಪ್ರತಿ ನವೆಂಬರಿನಲ್ಲಿ ಪ್ರಕಟಿಸಬೇಕು. ಜಾನುವಾರು ಗಣತಿಯಲ್ಲಿ ಜೇನು ಕುಟುಂಬವನ್ನು ಸೇರಿಸಬೇಕು. ಇವುಗಳಿಗೆ 500 ಕೋಟಿ ಬೇಡ, ಮುದ್ರಣದ ಖರ್ಚು ಸಾಕು. ಪೆಟ್ಟಿಗೆ ಹಂಚುವ ಯೋಜನೆಗಳು ಹುಳುವನ್ನು ಎಲ್ಲಿಂದ ತರುತ್ತವೆ ಎಂಬ ಪ್ರಶ್ನೆಯನ್ನು ಇನ್ನೊಂದು ಸಂಚಿಕೆಯಲ್ಲಿ ಪ್ರತ್ಯೇಕವಾಗಿಯೇ ಕೇಳಬೇಕಾಗಿದೆ.

ಇತರರಿಗೆ ಹೇಳುವ ಮುನ್ನ ನನ್ನ ಲೆಕ್ಕವನ್ನು ಮೊದಲು ಒಪ್ಪಿಸುತ್ತೇನೆ. ಕಳೆದ ವರ್ಷ ಮೇ 31ರಂದು ನನ್ನ ಹಿತ್ತಿಲಲ್ಲಿ ತುಡುವೆಯ ಒಂಬತ್ತು ಕುಟುಂಬಗಳಿದ್ದವು. ಅಕ್ಟೋಬರ್ 2ರಂದು ಹುಳು ಇದ್ದ ಪೆಟ್ಟಿಗೆ ಆರು. ಕೇಳಿದವರಿಗೆಲ್ಲ ಮೂರು ಹೋದವೆಂದೇ ಹೇಳುತ್ತಿದ್ದೆ. ಈ ಲೇಖನಕ್ಕಾಗಿ ಡೈರಿ ತೆಗೆದು ನೋಡಿದಾಗ ಹೋದದ್ದು ನಾಲ್ಕು ಎಂದು ಗೊತ್ತಾಯಿತು: ಎರಡು ಒಳಗೇ ಸತ್ತವು, ಅದರಲ್ಲಿ ಒಂದರಲ್ಲಿ ಚೀಲದ ಮರಿಗಳಿದ್ದವು, ಎರಡು ಆಗಸ್ಟಿನ ಜಡಿಮಳೆಯಲ್ಲಿ ಪರಾರಿ. ಆರನೆಯದನ್ನು ಸೆಪ್ಟೆಂಬರ್ ಕೊನೆಯಲ್ಲಿ ದೇವರಕಾಡಿನ ಅಂಚಿನ ಮರದ ಪೊಟರೆಯಿಂದ ನಾನೇ ಬಿಡಿಸಿ ತಂದಿದ್ದೆ. ನಷ್ಟ ಒಂಬತ್ತರಲ್ಲಿ ನಾಲ್ಕು, ಶೇಕಡ 44. ಕಾಡಿನಿಂದ ತಂದದ್ದು ಒಂದು.